ಜಿಪಿಎಸ್ ಜಾಮ್ ಆಗುವುದು ಹೇಗೆ? ನಮ್ಮ ಕರಾವಳಿ ಯಾಕೆ ಯೋಚಿಸಬೇಕು?

2025ರ ಜೂನ್ 17ರಂದು ಹಾರ್ಮುಜ್ ಜಲಸಂಧಿಯ ಹತ್ತಿರ ಎರಡು ತೈಲ ಹಡಗುಗಳು ಡಿಕ್ಕಿಯಾದವು. ಒಂದು ಫ್ರಂಟ್ ಈಗಲ್, ಇನ್ನೊಂದು ಅಡಲಿನ್. ಬೆಂಕಿ ಹತ್ತಿಕೊಂಡಿತು. ಅಡಲಿನ್‌ನಲ್ಲಿದ್ದ 24 ಮಂದಿಯನ್ನು ಯುಎಇಯ ಕರಾವಳಿ ಪಡೆ ಬಂದು ಇಳಿಸಿಕೊಂಡಿತು. ಒಂದು ಹಡಗು ದಾರಿ ಅಂದಾಜು ಮಾಡುವಲ್ಲಿ ತಪ್ಪಿತು ಎಂಬುದು ಯುಎಇ ಸರ್ಕಾರದ ಮೊದಲ ವಿವರಣೆ. ಆದರೆ ಇಸ್ರೇಲ್ ಮತ್ತು ಇರಾನ್ ಹೊಡೆದಾಡುತ್ತಿದ್ದ ಆ ದಿನಗಳಲ್ಲಿ ಅಲ್ಲಿನ ನೀರಿನಲ್ಲಿ ದಿನಕ್ಕೆ ನೂರಾರು ಹಡಗುಗಳ ಜಿಪಿಎಸ್ ಕೆಟ್ಟು ಕೂತಿತ್ತು. ಡಿಕ್ಕಿಗೆ ಎರಡು ದಿನ ಮೊದಲು ಫ್ರಂಟ್ ಈಗಲ್ ಕೂಡ ನಕ್ಷೆಯ ಮೇಲೆ ಇರಾನಿನ ನೆಲದಲ್ಲಿ ನಿಂತ ಹಾಗೆ ಕಾಣಿಸಿತ್ತು.

ಕರಾವಳಿಯವರಿಗೆ ಇದನ್ನು ಪರಊರಿನ ಸುದ್ದಿ ಅಂತ ಬದಿಗಿಡಲು ಆಗುವುದಿಲ್ಲ. ಮಂಗಳೂರಿನ ತೈಲ ಶುದ್ಧೀಕರಣ ಘಟಕ ಎಂಆರ್‌ಪಿಎಲ್‌ಗೆ ಬರುವ ಕಚ್ಚಾ ತೈಲದಲ್ಲಿ ಗಲ್ಫ್‌ನ ಪಾಲು ದೊಡ್ಡದು. ಆ ತೈಲ ಹೊತ್ತ ಹಡಗುಗಳು ಪಣಂಬೂರು ಬಂದರಿಗೆ ಬರುವುದು ಇದೇ ದಾರಿಯಲ್ಲಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈ, ಅಬುಧಾಬಿ, ದಮ್ಮಾಮ್‌ಗೆ ಹಾರುವ ವಿಮಾನಗಳ ದಾರಿಯೂ ಅದೇ ದಿಕ್ಕಿನದು. ಹಡಗಿನಲ್ಲಿ ದುಡಿಯುವ ನಮ್ಮೂರಿನ ಹುಡುಗರೂ ಕಡಿಮೆ ಇಲ್ಲ.

ದೇಶದ ಒಳಗೂ ಇದು ಬಂದಾಗಿದೆ. 2025ರ ನವೆಂಬರ್‌ನಲ್ಲಿ ದೆಹಲಿ ನಿಲ್ದಾಣಕ್ಕೆ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಸುಳ್ಳು ಜಿಪಿಎಸ್ ಸಂಕೇತ ಸಿಕ್ಕಿತು. ವಿಮಾನಯಾನ ಸಚಿವ ರಾಮಮೋಹನ್ ನಾಯ್ಡು ಡಿಸೆಂಬರ್‌ನಲ್ಲಿ ಸಂಸತ್ತಿಗೆ ಇದನ್ನು ತಿಳಿಸಿದರು. ಅಮೃತಸರ, ಮುಂಬೈ, ಕೋಲ್ಕತ್ತ, ಹೈದರಾಬಾದ್, ಚೆನ್ನೈ, ಬೆಂಗಳೂರಿನಿಂದಲೂ ಜಿಪಿಎಸ್ ಅಡ್ಡಿಯ ವರದಿ ಬಂದಿದೆ ಅಂತಲೂ ಹೇಳಿದರು. ಆ ಪಟ್ಟಿಯಲ್ಲಿ ಮಂಗಳೂರು ಇರಲಿಲ್ಲ. ತಯಾರಿ ಮಾಡಿಕೊಳ್ಳಲು ಇದೇ ಸರಿಯಾದ ಸಮಯ ಅನ್ನುವುದು ನನ್ನ ಅಭಿಪ್ರಾಯ.

ಇಷ್ಟು ದೊಡ್ಡ ವ್ಯವಸ್ಥೆ ಇಷ್ಟು ಸುಲಭಕ್ಕೆ ಯಾಕೆ ಕೈಕೊಡುತ್ತದೆ? ಉತ್ತರ ಇರುವುದು ಸಂಕೇತದ ಬಲದಲ್ಲಿ.

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿ ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ. ಅದು ಮಾಡುವ ಕೆಲಸ ಒಂದೇ: ನಾನು ಎಲ್ಲಿದ್ದೇನೆ, ಈಗ ಸಮಯ ಎಷ್ಟು ಅಂತ ಬಿಡದೆ ಹೇಳುತ್ತಿರುವುದು. ಆ ಮಾತು ನಮ್ಮ ಮೊಬೈಲ್‌ಗೆ ಬರಲು ಸೆಕೆಂಡಿನ ನೂರರಲ್ಲಿ ಏಳೆಂಟು ಭಾಗ ಬೇಕು. ಎಷ್ಟು ತಡವಾಗಿ ಬಂತು ಅನ್ನುವುದರಿಂದ ಉಪಗ್ರಹ ಎಷ್ಟು ದೂರ ಅಂತ ಲೆಕ್ಕ ಸಿಗುತ್ತದೆ. ಈ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ತಪ್ಪುತ್ತದೆ. ಜಾಗ ಗೊತ್ತಾಗಲು ಮೂರು ಉಪಗ್ರಹ ಸಾಕಿತ್ತು. ಆದರೆ ಮೊಬೈಲಿನ ಗಡಿಯಾರ ಅಗ್ಗದ್ದು, ಅದರ ತಪ್ಪನ್ನೂ ಕಂಡುಹಿಡಿಯಬೇಕು. ಹಾಗಾಗಿ ನಾಲ್ಕು ಬೇಕೇ ಬೇಕು.

ಉಪಗ್ರಹ ಈ ಸಂಕೇತವನ್ನು ಕಳಿಸುವುದು ಕೆಲವೇ ಹತ್ತು ವ್ಯಾಟ್ ಶಕ್ತಿಯಲ್ಲಿ. ಅದು ಅರ್ಧ ಭೂಮಿಯ ಮೇಲೆ ಹರಡಿ ಕೆಳಗೆ ಬರುವಾಗ ಉಳಿಯುವುದು ಎಷ್ಟು? ಒಂದು ವ್ಯಾಟನ್ನು ಒಂದು ಕೋಟಿ ಭಾಗ ಮಾಡಿ. ಅದರಲ್ಲಿ ಒಂದು ಭಾಗವನ್ನು ಮತ್ತೆ ಒಂದು ಕೋಟಿ ಭಾಗ ಮಾಡಿ. ಆ ಚೂರನ್ನು ಇನ್ನೂ ನೂರು ಚೂರು ಮಾಡಿ. ಆಂಟೆನಾಗೆ ಸಿಗುವುದು ಸುಮಾರು ಅಂಥ ಒಂದು ಚೂರು. ಸಂಕೇತ ಹಿಡಿಯುವ ರಿಸೀವರ್‌ನೊಳಗೆ ಬರೀ ಶಾಖದಿಂದ ಹುಟ್ಟುವ ಗದ್ದಲವೇ ಇದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅಂದರೆ ಯಾರೂ ಜಾಮ್ ಮಾಡದಿದ್ದರೂ ಜಿಪಿಎಸ್ ಸಂಕೇತ ಗದ್ದಲದ ಅಡಿಯಲ್ಲೇ ಮುಳುಗಿರುತ್ತದೆ.

ಹಾಗಾದರೆ ರಿಸೀವರ್ ಅದನ್ನು ಹೆಕ್ಕುವುದು ಹೇಗೆ? ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ಮೀನಿನ ಏಲಂ ನಡೆಯುವಾಗ ಹೋಗಿ ನಿಂತರೆ ಹೊಸಬರಿಗೆ ಬರೀ ಗಲಾಟೆ ಕೇಳುತ್ತದೆ. ದಿನವೂ ಅಲ್ಲಿರುವವರಿಗೆ ಮಾತ್ರ ತಮಗೆ ಬೇಕಾದವರು ಕೂಗುವ ರೇಟು ಅದೇ ಗಲಾಟೆಯಲ್ಲಿ ಸ್ಪಷ್ಟ ಕೇಳುತ್ತದೆ. ಆ ದನಿ, ಆ ಕೂಗುವ ಧಾಟಿ ಅವರ ಕಿವಿಗೆ ಮೊದಲೇ ಗೊತ್ತು. ರಿಸೀವರ್ ಮಾಡುವುದೂ ಇದನ್ನೇ. ಪ್ರತಿ ಉಪಗ್ರಹಕ್ಕೆ ತನ್ನದೇ ಒಂದು ಕೋಡ್ ಇದೆ. ಸಾಮಾನ್ಯ ಜಿಪಿಎಸ್‌ನಲ್ಲಿ ಅದು 1,023 ತುಣುಕುಗಳ ಸಾಲು. ಸೆಕೆಂಡಿಗೆ ಸಾವಿರ ಸಲ ಅದೇ ಸಾಲು ಮತ್ತೆ ಮತ್ತೆ ಬರುತ್ತದೆ. ರಿಸೀವರ್ ಬಳಿಯೂ ಅದೇ ಸಾಲಿನ ಪ್ರತಿ ಇದೆ. ಬಂದದ್ದನ್ನು ತನ್ನ ಪ್ರತಿಯ ಜೊತೆ ಹೊಂದಿಸಿ ನೋಡುತ್ತಾ ಹೋಗುತ್ತದೆ. ಸರಿಯಾಗಿ ಹೊಂದಿದ ಜಾಗದಲ್ಲಿ ಸಂಕೇತ ಒಟ್ಟುಗೂಡಿ ಮೇಲೇಳುತ್ತದೆ. ಗದ್ದಲಕ್ಕೆ ಯಾವ ಧಾಟಿಯೂ ಇಲ್ಲದ ಕಾರಣ ಅದು ತನ್ನಲ್ಲೇ ಕಳೆದುಹೋಗುತ್ತದೆ.

ತುಂಬಾ ಜಾಣ ಉಪಾಯ ಇದು. ಆದರೆ ಏಲಂ ನಡೆಯುವಲ್ಲಿ ಯಾರೋ ಕಿವಿಯ ಪಕ್ಕ ಮೈಕ್ ಹಿಡಿದು ಕಿರುಚಿದರೆ, ಎಂಥ ಪಳಗಿದ ಕಿವಿಗೂ ಏನೂ ಕೇಳಿಸದು ಅಲ್ವಾ? ಜಾಮರ್ ಅಂದರೆ ಆ ಮೈಕ್.

ಜಾಮರ್‌ಗೆ ಜಾಣತನ ಬೇಕಿಲ್ಲ. ಜಿಪಿಎಸ್‌ನ ಮುಖ್ಯ ತರಂಗ 1575.42 ಮೆಗಾಹರ್ಟ್ಜ್‌ನಲ್ಲಿದೆ. ಆ ಜಾಗದಲ್ಲಿ ಸುಮ್ನೆ ಗದ್ದಲ ಎಬ್ಬಿಸಿದರೆ ಮುಗಿಯಿತು. ವಾಹನದ ಲೈಟರ್ ಸಾಕೆಟ್‌ಗೆ ಚುಚ್ಚುವ ಸಣ್ಣ ಜಾಮರ್‌ಗಳು ಹೆಚ್ಚಾಗಿ ಒಂದು ತರಂಗವನ್ನು ಈ ತರಂಗಪಟ್ಟಿಯ ಆಚೆಯಿಂದ ಈಚೆಗೆ ಬಹಳ ವೇಗವಾಗಿ ಓಡಿಸುತ್ತಲೇ ಇರುತ್ತವೆ.

ರಿಸೀವರ್ ಒಳಗೆ ಆಗ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸಂಕೇತ ಕ್ಷೀಣ ಅಂತ ಗೊತ್ತಿರುವುದರಿಂದ ಆಂಟೆನಾ ಹಿಂದೆಯೇ ಅದನ್ನು ಬಹಳ ಪಟ್ಟು ಹಿಗ್ಗಿಸುವ ಆಂಪ್ಲಿಫೈಯರ್ ಇಟ್ಟಿರುತ್ತಾರೆ. ಜಾಮರ್ ಹತ್ತಿರವಿದ್ದರೆ ಆ ಆಂಪ್ಲಿಫೈಯರ್ ತನ್ನ ಮಿತಿ ದಾಟಿ ತುಂಬಿಹೋಗುತ್ತದೆ. ಬರುವ ಬಲ ಹೆಚ್ಚಾಯಿತು ಅಂತ ರಿಸೀವರ್ ತಾನಾಗಿಯೇ ವಾಲ್ಯೂಮ್ ಇಳಿಸುತ್ತದೆ. ಜಾಮರ್ ಜೊತೆಗೆ ಉಪಗ್ರಹದ ಸಂಕೇತವೂ ಇಳಿಯುತ್ತದೆ. ಮುಂದಿನ ಹಂತದಲ್ಲಿ ಇದನ್ನು ಅಂಕಿಗಳಿಗೆ ಬದಲಿಸುವ ಚಿಪ್ ಇದೆ. ಅಗ್ಗದ ರಿಸೀವರ್‌ಗಳಲ್ಲಿ ಅದಕ್ಕೆ ಎರಡು ನಾಲ್ಕು ಮಟ್ಟಗಳನ್ನು ಬಿಟ್ಟರೆ ಬೇರೆ ಗೊತ್ತಿಲ್ಲ. ಅಷ್ಟೂ ಮಟ್ಟಗಳನ್ನು ಜಾಮರೇ ತುಂಬಿಸಿಬಿಡುತ್ತದೆ. ಕೋಡ್ ಹೊಂದಿಸುವ ಹಂತಕ್ಕೆ ಬರುವಾಗ ಹೊಂದಿಸಲು ಏನೂ ಉಳಿದಿರುವುದಿಲ್ಲ.

ಆಂಟೆನಾದ ಆಕಾರವೂ ಇಲ್ಲಿ ನಮಗೆ ವಿರುದ್ಧ. ಡಿಶ್ ಟಿವಿಯ ತಟ್ಟೆ ಒಂದೇ ಉಪಗ್ರಹದ ಕಡೆ ಮುಖ ಮಾಡುತ್ತದೆ, ಬದಿಯಿಂದ ಬಂದದ್ದು ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಜಿಪಿಎಸ್ ಆಂಟೆನಾ ಇಡೀ ಆಕಾಶವನ್ನು ಒಟ್ಟಿಗೆ ನೋಡಬೇಕು. ಮೊಬೈಲನ್ನು ನಾವು ಹೇಗೆ ಬೇಕಾದರೂ ಹಿಡಿಯುತ್ತೇವೆ, ಹಾಗಾಗಿ ಅದರ ಆಂಟೆನಾಗೆ ಮೇಲೆ ಕೆಳಗೆ ಅನ್ನುವ ಭೇದವೂ ಇಲ್ಲ. ನೆಲದ ಮೇಲಿನ ಜಾಮರ್‌ಗೆ ಬಾಗಿಲು ತೆರೆದೇ ಇದೆ.

ಬಲದ ಅಂತರ ಎಷ್ಟಿದೆ ನೋಡಿ. ಒಂದೇ ಒಂದು ವ್ಯಾಟಿನ ಜಾಮರ್ ನಡುವೆ ಗುಡ್ಡ, ಕಟ್ಟಡ ಇಲ್ಲದೆ 10 ಕಿ.ಮೀ. ದೂರದಿಂದ ಕಾಣುತ್ತಿದೆ ಅಂತಿಟ್ಟುಕೊಳ್ಳಿ. ಉಡುಪಿ ಪೇಟೆಯಿಂದ ಮಲ್ಪೆಗೆ ಇಷ್ಟು ದೂರ ಇಲ್ಲ. ಅಷ್ಟು ದೂರದಲ್ಲೂ ಅದರ ಶಕ್ತಿ ಜಿಪಿಎಸ್ ಸಂಕೇತದ ಸುಮಾರು 16 ಸಾವಿರ ಪಟ್ಟು ಇರುತ್ತದೆ. ಇದನ್ನು ಯಾರು ಬೇಕಾದರೂ ರೇಡಿಯೊ ತರಂಗದ ಸಾಮಾನ್ಯ ಸೂತ್ರದಿಂದ ಲೆಕ್ಕ ಹಾಕಿ ನೋಡಬಹುದು. ದೂರ ಅರ್ಧವಾದರೆ ಬಲ ನಾಲ್ಕು ಪಟ್ಟು. ಉಪಗ್ರಹ ಮಾತ್ರ ಯಾವಾಗಲೂ 20 ಸಾವಿರ ಕಿ.ಮೀ. ಆಚೆಯೇ.

ಇಲ್ಲಿ ಬೋಟಿನವರಿಗೆ ಸಮಾಧಾನ ಕೊಡುವ ವಿಷಯ ಒಂದಿದೆ. ಈ ತರಂಗ ನೇರ ಹೋಗುತ್ತದೆ, ಭೂಮಿಯ ಬಾಗನ್ನು ದಾಟಿ ಹೋಗುವುದಿಲ್ಲ. ದಡದಲ್ಲಿ ಐದು ಮೀಟರ್ ಎತ್ತರದ ಜಾಮರ್, ಕಡಲಲ್ಲಿ ಐದು ಮೀಟರ್ ಎತ್ತರದ ಆಂಟೆನಾ ಇದ್ದರೆ ಹದಿನೆಂಟು ಇಪ್ಪತ್ತು ಕಿ.ಮೀ. ಆಚೆಗೆ ಅದರ ಕಾಟ ಬಹುಮಟ್ಟಿಗೆ ನಿಲ್ಲುತ್ತದೆ. ವಿಮಾನಕ್ಕೆ ಈ ರಕ್ಷಣೆ ಇಲ್ಲ. 10 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಸುತ್ತ 350 ಕಿ.ಮೀ.ಗೂ ಜಾಸ್ತಿ ನೆಲ ನೇರ ಕಾಣುತ್ತದೆ. ಆ ನೆಲದ ಮೇಲೆ ಎಲ್ಲಿ ದೊಡ್ಡ ಜಾಮರ್ ಇದ್ದರೂ ವಿಮಾನಕ್ಕೆ ತಟ್ಟುತ್ತದೆ. ಯುದ್ಧ ನಡೆಯುವ ದೇಶದ ಗಡಿಯಿಂದ ಬಹಳ ದೂರ ಹಾರುವ ವಿಮಾನಗಳೂ ಜಿಪಿಎಸ್ ಕೆಟ್ಟ ವರದಿ ಕೊಡುವುದು ಇದೇ ಕಾರಣಕ್ಕೆ. 2024ರ ಏಪ್ರಿಲ್ ಕೊನೆಗೆ ಫಿನ್‌ಏರ್ ಕಂಪನಿ ಎಸ್ಟೋನಿಯಾದ ಟಾರ್ಟುಗೆ ಒಂದು ತಿಂಗಳು ಹಾರಾಟವನ್ನೇ ನಿಲ್ಲಿಸಿತು. ಆ ಸಣ್ಣ ನಿಲ್ದಾಣದಲ್ಲಿ ಇಳಿಯಲು ಆಗ ಜಿಪಿಎಸ್ ಬಿಟ್ಟು ಬೇರೆ ಸರಿಯಾದ ಏರ್ಪಾಡು ಇರಲಿಲ್ಲ.

ಜಾಮ್ ಮಾಡುವವರು ಸೈನಿಕರೇ ಆಗಬೇಕಿಲ್ಲ. ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣದಲ್ಲಿ 2012ರಲ್ಲಿ ಸಿಕ್ಕಿಬಿದ್ದದ್ದು ಒಬ್ಬ ಟ್ರಕ್ ಚಾಲಕ. ತಾನು ಎಲ್ಲೆಲ್ಲಿ ಹೋಗುತ್ತೇನೆ ಅಂತ ಮಾಲೀಕನಿಗೆ ಗೊತ್ತಾಗಬಾರದು ಅಂತ ಟ್ರಕ್ಕಿನಲ್ಲಿ ಜಾಮರ್ ಇಟ್ಟುಕೊಂಡಿದ್ದ. ಅದು ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ಹೊಸ ವ್ಯವಸ್ಥೆಗೇ ಅಡ್ಡ ಬಂತು. ಅವನಿಗೆ ಸುಮಾರು 32 ಸಾವಿರ ಡಾಲರ್ ದಂಡ ಬಿತ್ತು. ನಮ್ಮಲ್ಲೂ ಈಗ ಬಸ್ಸು, ಟ್ಯಾಕ್ಸಿಗಳಿಗೆ ಟ್ರ್ಯಾಕರ್ ಕಡ್ಡಾಯ, ಮರಳು ಸಾಗಿಸುವ ಲಾರಿಗಳಿಗೆ ಜಿಪಿಎಸ್ ಬೇಕು. ಟ್ರ್ಯಾಕರ್ ಇದ್ದಲ್ಲೆಲ್ಲ ಅದನ್ನು ಕುರುಡು ಮಾಡುವ ಆಸೆಯೂ ಹುಟ್ಟುತ್ತದೆ. ಭಾರತದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಜಾಮರ್ ಬಳಸುವುದು ಕಾನೂನುಬಾಹಿರ. 2022ರ ಜುಲೈನಲ್ಲಿ ದೂರಸಂಪರ್ಕ ಇಲಾಖೆ ಇದನ್ನು ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಇ-ಕಾಮರ್ಸ್ ತಾಣಗಳಲ್ಲಿ ಮಾರುವುದೂ ತಪ್ಪು. ಒಂದು ವಾಹನದ ಲೆಕ್ಕ ಮುಚ್ಚಿಡಲು ಹೋಗಿ ಹಿಂದೆ ಬರುವ ಆಂಬುಲೆನ್ಸಿನ ದಾರಿಯನ್ನೂ ಕೆಡಿಸುತ್ತೇವೆ ಅನ್ನುವುದು ಚಾಲಕರಿಗೆ ಗೊತ್ತಾಗಬೇಕು.

ಇಷ್ಟು ಹೊತ್ತು ಹೇಳಿದ್ದು ಜಾಮಿಂಗ್. ದೆಹಲಿಯಲ್ಲಿ ಆದದ್ದು ಇದಕ್ಕಿಂತ ಕೆಟ್ಟದ್ದು, ಸ್ಪೂಫಿಂಗ್. ಜಾಮ್ ಆದರೆ ರಿಸೀವರ್ ಸುಮ್ಮನಾಗುತ್ತದೆ. ಸ್ಪೂಫ್ ಆದರೆ ಅದು ಧೈರ್ಯವಾಗಿ ಸುಳ್ಳು ಹೇಳುತ್ತದೆ. ಜನಬಳಕೆಯ ಜಿಪಿಎಸ್ ಕೋಡ್ ರಹಸ್ಯವಲ್ಲ, ಅದರ ರಚನೆ ಎಲ್ಲರಿಗೂ ಓದಲು ಸಿಗುತ್ತದೆ. ಅದಕ್ಕೆ ಸಹಿ ಇಲ್ಲ, ಮುದ್ರೆ ಇಲ್ಲ. ಅದೇ ಥರದ ಸಂಕೇತವನ್ನು ಸ್ವಲ್ಪ ಜಾಸ್ತಿ ಬಲದಲ್ಲಿ ಕಳಿಸಿದರೆ ರಿಸೀವರ್ ಅದನ್ನೇ ನಂಬುತ್ತದೆ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯಾದ ನೊವೊರೊಸಿಸ್ಕ್ ಹತ್ತಿರ ಇದ್ದ ಹಡಗುಗಳು ನಕ್ಷೆಯಲ್ಲಿ ನೆಲದ ಮೇಲಿನ ಒಂದು ವಿಮಾನ ನಿಲ್ದಾಣದಲ್ಲಿ ಕಾಣಿಸಿಕೊಂಡದ್ದು ಹೀಗೆಯೇ.

ಬಜ್ಪೆಯ ಮಟ್ಟಿಗೆ ಇದನ್ನು ಯೋಚಿಸಿದರೆ ಎದೆ ಝಲ್ಲೆನ್ನುತ್ತದೆ. ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ ಅದು. 2010ರ ಮೇ 22ರಂದು ಅಲ್ಲಿ 158 ಜನ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೂ ಜಿಪಿಎಸ್‌ಗೂ ಸಂಬಂಧವಿಲ್ಲ. ಆದರೆ ವಿಮಾನದಲ್ಲಿ ನೆಲ ಹತ್ತಿರ ಬಂತು, ಮೇಲೇರಿ ಅಂತ ಕೂಗುವ ಎಚ್ಚರಿಕೆಯ ಯಂತ್ರವೊಂದಿದೆ. ಅದು ಜಿಪಿಎಸ್ ಹೇಳಿದ ಜಾಗವನ್ನು ತನ್ನೊಳಗಿನ ನಕ್ಷೆಯ ಜೊತೆ ಹೋಲಿಸುತ್ತದೆ. ಜಾಗ ಸುಳ್ಳಾದರೆ ಕೂಗೂ ಸುಳ್ಳು. ಹೊರದೇಶಗಳಲ್ಲಿ ಸ್ಪೂಫಿಂಗ್ ನಡೆಯುವ ದಾರಿಯಲ್ಲಿ ಪೈಲಟ್‌ಗಳು ಇಂಥ ಸುಳ್ಳು ಕೂಗುಗಳನ್ನು ಕೇಳಿದ್ದಾರೆ. ಗಲ್ಫ್ ದಾರಿಯಲ್ಲಿ ಒಮ್ಮೆ ಕೆಟ್ಟ ಯಂತ್ರ ಇಳಿಯುವ ಹೊತ್ತಿಗೂ ಪೂರ್ತಿ ಸರಿಹೋಗದೆ ಇರಬಹುದು. ಅದಕ್ಕೇ ಬಜ್ಪೆಯಲ್ಲಿರುವ ಐಎಲ್‌ಎಸ್ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ರನ್‌ವೇ ಪಕ್ಕದ ಆಂಟೆನಾಗಳಿಂದ ಬೇರೆಯೇ ತರಂಗದಲ್ಲಿ, ಬಹಳ ಗಟ್ಟಿಯಾಗಿ ದಾರಿ ತೋರಿಸುವ ವ್ಯವಸ್ಥೆ ಅದು. ಉಪಗ್ರಹದ ಹಂಗಿಲ್ಲ. ಹಳೆಯದಾಯಿತು, ಖರ್ಚು ಜಾಸ್ತಿ ಅಂತ ಇಂಥವನ್ನು ಕಳಚುತ್ತಾ ಬಂದ ದೇಶಗಳಿವೆ. ನೆಲದ ಮೇಲಿನ ಈ ಸಾಧನಗಳ ಒಂದು ಕನಿಷ್ಠ ಜಾಲವನ್ನು ಭಾರತ ಉಳಿಸಿಕೊಂಡಿದೆ. ಅದು ಉಳಿಯಲೇಬೇಕು.

ಇನ್ನು ಬೋಟು. ಮಲ್ಪೆಯ ಅಥವಾ ಮಂಗಳೂರು ಧಕ್ಕೆಯ ಯಾವುದೇ ಆಳಸಮುದ್ರದ ಬೋಟಿನ ಕ್ಯಾಬಿನ್‌ಗೆ ಇಣುಕಿದರೆ ಸ್ಟಿಯರಿಂಗ್ ಎದುರು ಜಿಪಿಎಸ್ ಪರದೆ, ಪಕ್ಕದಲ್ಲಿ ಫಿಶ್ ಫೈಂಡರ್, ಮೇಲೆ ವಯರ್‌ಲೆಸ್ ಕಾಣುತ್ತವೆ. ಜಿಪಿಎಸ್‌ನಲ್ಲಿ ಬೋಟು ನಡೆಸುವ ತಾಂಡೇಲರು ವರ್ಷಗಟ್ಟಲೆ ಗುರುತು ಹಾಕಿಟ್ಟ ಜಾಗಗಳಿರುತ್ತವೆ. ಮೀನು ಸಿಕ್ಕಿದ ಜಾಗ, ಅದಕ್ಕಿಂತ ಮುಖ್ಯವಾಗಿ ಬಲೆ ಸಿಕ್ಕಿಕೊಂಡು ಹರಿಯುವ ಕಲ್ಲುಗಳ ಜಾಗ. ಆ ಗುರುತುಗಳು ಒಂದು ಕುಟುಂಬದ ಆಸ್ತಿ ಇದ್ದ ಹಾಗೆ. ಬೋಟು ಗೋವಾ, ಮಹಾರಾಷ್ಟ್ರದ ಕಡೆ ಹೋದಾಗ ಆ ರಾಜ್ಯಗಳ ಮೀನುಗಾರಿಕೆಯ ಗಡಿಯಾದ, ದಡದಿಂದ 12 ನಾಟಿಕಲ್ ಮೈಲಿನ ಗೆರೆ ಎಲ್ಲಿದೆ ಅಂತ ನೋಡುವುದೂ ಇದೇ ಪರದೆಯಲ್ಲಿ. ಗೆರೆ ದಾಟಿದರೆ ಬೋಟು ಹಿಡಿಯುತ್ತಾರೆ, ದಂಡ ಹಾಕುತ್ತಾರೆ. ಜಿಪಿಎಸ್ ತಪ್ಪಾಗಿತ್ತು ಅಂತ ಆಮೇಲೆ ಹೇಳಿದರೆ ಯಾರು ಕೇಳುತ್ತಾರೆ?

ಆಪತ್ತಿನಲ್ಲಿ ಇದು ಇನ್ನೂ ದೊಡ್ಡ ಮಾತು. ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ಮೀನುಗಾರಿಕಾ ಬೋಟುಗಳಿಗೆ ಅಳವಡಿಸುವ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ದೇಶದಲ್ಲಿ ಒಂದು ಲಕ್ಷ ಬೋಟುಗಳ ಗುರಿ. ಮೊಬೈಲ್ ಸಿಗದ ಕಡಲಿನಿಂದಲೂ ಉಪಗ್ರಹದ ಮೂಲಕ ಸಂದೇಶ ಕಳಿಸಬಹುದು. ಬಹಳ ಒಳ್ಳೆಯ ಕೆಲಸ. ಆದರೆ ಸಂದೇಶದ ಜೊತೆ ಹೋಗುವ ಜಾಗ ಮಾತ್ರ ಇಂಥದೇ ಕ್ಷೀಣ ಸಂಕೇತದಿಂದ ಬಂದದ್ದು. ಸಂದೇಶ ತಲುಪಿ ಜಾಗ ತಪ್ಪಿದರೆ ಹುಡುಕಲು ಹೋದವರು ಇಲ್ಲದ ಕಡೆ ಹುಡುಕುತ್ತಾರೆ.

ಕೆಲವರು ಕೇಳಬಹುದು, ಜಿಪಿಎಸ್ ಥರದ್ದೇ ಭಾರತದ ಉಪಗ್ರಹ ವ್ಯವಸ್ಥೆ ನಾವಿಕ್ ಇದೆಯಲ್ಲ ಅಂತ. ನಾವಿಕ್ ಬೇಕು, ಅನುಮಾನವೇ ಇಲ್ಲ. ಇನ್ನೊಂದು ದೇಶ ಮನಸ್ಸು ಬದಲಿಸಿದ ದಿನ ನಾವು ಕೈಕಟ್ಟಿ ಕೂರಬಾರದು. ಆದರೆ ಜಾಮಿಂಗ್‌ಗೆ ಅದು ಔಷಧವಲ್ಲ. ನಾವಿಕ್ ಉಪಗ್ರಹಗಳು ಇರುವುದು ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ. ಅದರ ಸಂಕೇತವೂ ಕ್ಷೀಣವೇ. ಅದರ ಒಂದು ತರಂಗ 1176.45 ಮೆಗಾಹರ್ಟ್ಜ್‌ನಲ್ಲಿ ಜಿಪಿಎಸ್‌ನ ಹೊಸ ತರಂಗದ ಜೊತೆಗೇ ಇದೆ. 2023ರ ಮೇಯಲ್ಲಿ ಹಾರಿದ ಹೊಸ ನಾವಿಕ್ ಉಪಗ್ರಹ ಎನ್‌ವಿಎಸ್-01ರಿಂದ 1575.42ರಲ್ಲೂ ನಾವಿಕ್ ಸಂಕೇತ ಬರುತ್ತಿದೆ, ಮೊಬೈಲ್‌ಗಳಿಗೆ ಅದು ಸುಲಭ. ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಕೂಡ ಅಲ್ಲೇ ಇವೆ. ಎಲ್ಲರೂ ಒಂದೇ ತರಂಗಪಟ್ಟಿಯಲ್ಲಿ ಇರುವುದರಿಂದ ಒಂದೇ ಜಾಮರ್ ಎಲ್ಲರ ಬಾಯಿ ಮುಚ್ಚಿಸುತ್ತದೆ. ನಾವಿಕ್‌ಗೆ 2492 ಮೆಗಾಹರ್ಟ್ಜ್‌ನಲ್ಲಿ ಇನ್ನೊಂದು ತರಂಗ ಇದೆ, ಅದು ಜಿಪಿಎಸ್‌ಗಿಲ್ಲದ ಅನುಕೂಲ. ಆದರೆ ಸಾಮಾನ್ಯ ಮೊಬೈಲ್‌ಗಳು ಅದನ್ನು ಕೇಳುವುದಿಲ್ಲ. ಸಾಲದ್ದಕ್ಕೆ ಉಪಗ್ರಹಗಳ ಸಂಖ್ಯೆಯೇ ಸಾಲದಾಗಿದೆ. ಹಳೆಯವುಗಳ ಗಡಿಯಾರ ಕೆಟ್ಟಿವೆ. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ತನ್ನ ಕಕ್ಷೆ ಸೇರಲಿಲ್ಲ.

ಸುಳ್ಳು ಸಂಕೇತದ ವಿರುದ್ಧ ಮಾತ್ರ ಒಂದು ಒಳ್ಳೆಯ ಹೆಜ್ಜೆ ಆಗಿದೆ. ಗೆಲಿಲಿಯೊ 2025ರಿಂದ ತನ್ನ ಸಂದೇಶಕ್ಕೆ ಡಿಜಿಟಲ್ ಮುದ್ರೆ ಹಾಕಿ ಕಳಿಸುತ್ತಿದೆ. ಅದನ್ನು ಓದಬಲ್ಲ ರಿಸೀವರ್ ಇದ್ದರೆ ನಕಲಿ ಯಾವುದು ಅಂತ ಬಹಳ ಮಟ್ಟಿಗೆ ಗೊತ್ತಾಗುತ್ತದೆ. ಜಾಮಿಂಗ್‌ಗೆ ಮದ್ದು ಅಂದರೆ ಹಲವು ಆಂಟೆನಾಗಳನ್ನು ಜೋಡಿಸಿ, ಗದ್ದಲ ಬರುವ ದಿಕ್ಕಿಗೆ ಕಿವುಡಾಗುವ ಸಾಧನ. ಸೇನೆಯವರು ಬಳಸುತ್ತಾರೆ, ಬೆಲೆ ಬಹಳ. ಬೋಟಿನವರಿಗೆ ಎಟಕುವ ಮಾತಲ್ಲ.

ಎಟಕುವುದು ಯಾವುದು? ದಿಕ್ಸೂಚಿ, ಆಳದ ಲೆಕ್ಕ, ದಡದ ಗುರುತು. ಕಾಪು ದೀಪಸ್ತಂಭ 1901ರಿಂದ ಅಲ್ಲೇ ನಿಂತಿದೆ. ಸುರತ್ಕಲ್‌ನಲ್ಲಿ ಇನ್ನೊಂದಿದೆ. ಆಕಾಶ ತಿಳಿಯಾಗಿದ್ದಾಗ ಕುದುರೆಮುಖದ ಸಾಲು ಕಡಲಿನಿಂದ ಕಾಣುತ್ತದೆ, ಹಿಂದಿನ ನಾವಿಕರಿಗೆ ಅದೇ ಕೈಮರ. ಫಿಶ್ ಫೈಂಡರ್‌ಗೆ ಉಪಗ್ರಹ ಬೇಡ, ಅದು ಶಬ್ದದಿಂದ ಆಳ ಅಳೆಯುತ್ತದೆ. ನಮ್ಮ ಕಡಲ ತಳ ಪಡುವಣಕ್ಕೆ ಮೆಲ್ಲಗೆ ಇಳಿಯುತ್ತಾ ಹೋಗುವುದರಿಂದ ಆಳ ನೋಡಿದರೆ ದಡ ಎಷ್ಟು ದೂರ ಅಂತ ಅಂದಾಜು ಸಿಗುತ್ತದೆ. ಹಿರಿಯ ತಾಂಡೇಲರಿಗೆ ಇದೆಲ್ಲ ಗೊತ್ತು. ಪರದೆ ನೋಡಿಯೇ ಕಲಿತ ಹುಡುಗರಿಗೆ ಅಷ್ಟು ಗೊತ್ತಿಲ್ಲ. ಜೂನ್, ಜುಲೈಯ ಮೀನುಗಾರಿಕೆ ರಜೆಯಲ್ಲಿ ಬೋಟುಗಳೆಲ್ಲ ದಡದಲ್ಲೇ ಇರುತ್ತವೆ. ದಿಕ್ಸೂಚಿ ಸರಿ ಇದೆಯಾ ಅಂತ ನೋಡಿಸಲು, ಕಲ್ಲುಗಳ ಗುರುತನ್ನು ಪುಸ್ತಕದಲ್ಲಿ ಬರೆದಿಡಲು, ಜಿಪಿಎಸ್ ಆರಿಸಿ ಬಂದರಿಗೆ ಬರುವುದು ಹೇಗೆ ಅಂತ ಹಿರಿಯರಿಂದ ಹೇಳಿಸಲು ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಮೀನುಗಾರಿಕೆ ಇಲಾಖೆ, ಮೀನುಗಾರರ ಸಂಘಗಳು ಮನಸ್ಸು ಮಾಡಿದರೆ ದೊಡ್ಡ ಖರ್ಚಿಲ್ಲದೆ ಆಗುವ ಕೆಲಸ ಇದು.

ಗುರುತಿಸುವುದು ಹೇಗೆ ಅಂತಲೂ ಎಲ್ಲರಿಗೂ ಗೊತ್ತಿರಬೇಕು. ಜಿಪಿಎಸ್ ಪರದೆಯಲ್ಲಿ ಉಪಗ್ರಹಗಳ ಬಲ ತೋರಿಸುವ ಕಡ್ಡಿಗಳ ಪುಟ ಇರುತ್ತದೆ. ಆಂಟೆನಾಗೆ ಏನಾದರೂ ಮರೆಯಾದರೆ ಒಂದು ಬದಿಯ ಕೆಲವು ಕಡ್ಡಿಗಳು ಮಾತ್ರ ಇಳಿಯುತ್ತವೆ. ಜಾಮ್ ಆದರೆ ಎಲ್ಲವೂ ಒಟ್ಟಿಗೆ ಕುಸಿಯುತ್ತವೆ. ಸ್ಪೂಫ್ ಆದಾಗ ಎಲ್ಲ ಕಡ್ಡಿಗಳೂ ಒಂದೇ ಎತ್ತರಕ್ಕೆ ಬಂದು ನಿಲ್ಲುವುದುಂಟು. ನಿಜವಾದ ಆಕಾಶದಲ್ಲಿ ಹಾಗೆ ಇರುವುದಿಲ್ಲ. ಗಡಿಯಾರದ ಸಮಯ ಒಮ್ಮೆಲೇ ಹಾರಿದರೆ, ನಿಂತ ಬೋಟು ಓಡುತ್ತಿದೆ ಅಂತ ಪರದೆ ತೋರಿಸಿದರೆ ಅದನ್ನು ನಂಬಬೇಡಿ. ಆ ಹೊತ್ತಿಗೆ ಪಕ್ಕದ ಬೋಟನ್ನು ವಯರ್‌ಲೆಸ್‌ನಲ್ಲಿ ಕೇಳಿ. ಅವರದ್ದು ಸರಿ ಇದ್ದರೆ ನಿಮ್ಮ ಸೆಟ್ ಅಥವಾ ಆಂಟೆನಾ ಹಾಳಾಗಿರಬಹುದು. ಅವರದ್ದೂ ಕೆಟ್ಟಿದ್ದರೆ ಹೊರಗಿನ ಕಾಟ. ಸಮಯ, ಆಳ, ಕೊನೆಗೆ ಸರಿ ಇದ್ದ ಜಾಗ ಬರೆದಿಡಿ. ಆಪತ್ತಿದ್ದರೆ ವಯರ್‌ಲೆಸ್‌ನ ವಿಎಚ್‌ಎಫ್ 16ನೇ ಚಾನೆಲ್ ಇದೆ, ಕೋಸ್ಟ್ ಗಾರ್ಡ್‌ನ ಸಹಾಯವಾಣಿ 1554 ಇದೆ. ಮಾತಾಡುವಾಗ ಜಿಪಿಎಸ್ ಅಂಕಿಯ ಜೊತೆ ಕಾಣುವ ಗುರುತು, ಆಳ ಎರಡನ್ನೂ ಹೇಳಿ. ಜಾಮರ್ ಹುಡುಕುವ ಕೆಲಸ ದೂರಸಂಪರ್ಕ ಇಲಾಖೆಯ ವಯರ್‌ಲೆಸ್ ನಿಗಾ ಘಟಕದ್ದು. ಎಷ್ಟು ಗಂಟೆಗೆ ಯಾವ ಯಾವ ಬೋಟಿನ ಜಿಪಿಎಸ್ ಎಲ್ಲಿಂದ ಎಲ್ಲಿವರೆಗೆ ಕೆಟ್ಟಿತ್ತು ಅಂತ ನಾಲ್ಕೈದು ಬೋಟುಗಳಿಂದ ಬರೆದು ಕೊಟ್ಟರೆ, ಎಲ್ಲಿ ಹುಡುಕಬೇಕು ಅನ್ನುವುದು ಅವರಿಗೆ ಆ ಕಾಗದದಿಂದಲೇ ಅರ್ಧ ಗೊತ್ತಾಗುತ್ತದೆ.